ನಗುಮಾವನ ಹೆಪ್ಪು

ನನ್ನ ಗಂಡನ ಮನೆಯವರು ಮೂರು ತಲೆಮಾರಿನಿಂದ ಮೊಸರು ಮಾಡಿ ಮಾರುವವರು. ಮಾರಲಿ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಮೊಸರು ಒಳ್ಳೆಯದೇ. ತಕರಾರು ಏನೆಂದರೆ, ಈ ಜನಕ್ಕೆ ಭೂಮಿಯ ಮೇಲಿನ ಪ್ರತಿಯೊಂದಕ್ಕೂ ಕಾರಣ ಹೆಪ್ಪಿನಲ್ಲೇ ಸಿಗುತ್ತದೆ. ಪಕ್ಕದ ಬೀದಿಯ ಹುಡುಗ ಪರೀಕ್ಷೆಯಲ್ಲಿ ಫೇಲಾದರೆ ಆ ಮನೆಯ ಹೆಪ್ಪು ಸರಿಯಿಲ್ಲ. ಸರ್ಕಾರ ಬಿದ್ದರೆ ಹೆಪ್ಪು ಹಳೆಯದಾಗಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಲು ಸ್ವಲ್ಪ ತೆಳು. ಇರ್ಲಿ, ನಮ್ಮ ಹೆಪ್ಪು ಗಟ್ಟಿಯಿದೆ" ಅಂದಿದ್ದರು. ನಾನು ಚಪ್ಪಲಿ ಅಂಗಡಿಯವರ ಮಗಳು. ನಮ್ಮಪ್ಪ ಗಿರಾಕಿಯ ಪಾದ ನೋಡಿ ಅಳತೆ ಹೇಳುತ್ತಿದ್ದರೇ ಹೊರತು ಅವರ ವಂಶದ ಗುಣ ಹೇಳಲು ಹೋಗುತ್ತಿರಲಿಲ್ಲ. ಅಷ್ಟು ಮರ್ಯಾದೆ ಈ ಮನೆಯಲ್ಲಿ ಯಾರಿಗೂ ಇಲ್ಲ.

ಕೆಳಗೆ ಅಂಗಡಿ, ಅದರ ಹಿಂದೆ ಹಾಲು ಕಾಯಿಸುವ ಕೋಣೆ, ಅದಕ್ಕೆ ಅಂಟಿಕೊಂಡಂತೆ ಹೆಪ್ಪಿನ ಕೋಣೆ, ಮೇಲೆ ನಾವು ಇರುವ ಮನೆ. ಹೆಪ್ಪಿನ ಕೋಣೆಯಲ್ಲಿ ಸ್ಟೀಲಿನ ದೊಡ್ಡ ದೊಡ್ಡ ಪಾತ್ರೆಗಳು ಕಂಬಳಿ ಹೊದ್ದು ಕೂತಿರುತ್ತವೆ. ಅಲ್ಲಿ ಜೋರಾಗಿ ಮಾತಾಡಬಾರದು, ಬಾಗಿಲು ಧಡಾರನೆ ಹಾಕಬಾರದು, ಕೆಮ್ಮಂತೂ ಬರಲೇಬಾರದು. ದೇವರ ಕೋಣೆಯಲ್ಲಿ ಕೂಡ ಅಷ್ಟು ನಿಶ್ಶಬ್ದ ಇರುವುದಿಲ್ಲ. ಹಾಲಿಗೆ ಹೆಪ್ಪು ಹಾಕುವ ಹಕ್ಕು ಅತ್ತೆಯವರಿಗೆ ಮಾತ್ರ. ಮೊಣಕೈಯನ್ನು ಪಾತ್ರೆಯ ಬದಿಗೆ ತಾಗಿಸಿ ಬಿಸಿ ನೋಡಿ, ಸೌಟು ತಿರುಗಿಸಿ, ಮುಚ್ಚಿ, ಹೊರಗೆ ಬಂದರೆಂದರೆ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ವೈದ್ಯರ ಗತ್ತು.

ಈ ಮನೆಯ ಕೊನೆಯ ಮಗಳು, ನನ್ನ ನಾದಿನಿ. ಚಿಕ್ಕಂದಿನಿಂದ ಒಂದೇ ಸಮನೆ ಚಿಲಿಪಿಲಿ ಎನ್ನುತ್ತಿದ್ದಳೆಂದು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಾರೆ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ. ನಾನು ಈ ಮನೆಗೆ ಬಂದಾಗ ನನ್ನ ಜೊತೆ ಮನುಷ್ಯರಂತೆ ಮಾತಾಡಿದವಳು ಅವಳೊಬ್ಬಳೇ. ಹೋದ ವರ್ಷ ಅವಳ ಮಾತು ಮೆಲ್ಲಗೆ ಕಡಿಮೆಯಾಯಿತು. ಮೊದಲು ನೀರು ತಣ್ಣಗಿದೆ ಎಂದು ಕೊಳಕ್ಕೆ ಹೋಗುವುದು ಬಿಟ್ಟಳು. ಆಮೇಲೆ ತಲೆ ಬಾಚುವುದು ಬಿಟ್ಟಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಕೂಗಿದರೂ ತಿರುಗುತ್ತಿರಲಿಲ್ಲ. ಅತ್ತೆ ಸೋಮಾರಿತನ ಎಂದರು. ನನ್ನ ಗಂಡ ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು. ಗಂಡಸರಿಗೆ ಈ ಒಂದು ಔಷಧಿ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ದೇವರೇ ಬಲ್ಲ.

ನಾನೇ ಅವಳ ಕೈ ಹಿಡಿದು ದೊಡ್ಡಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಖಿನ್ನತೆ ಎಂದರು, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು, ತಾಳ್ಮೆ ಬೇಕು ಎಂದರು. ಮೊದಮೊದಲು ಏನೂ ಆಗಲಿಲ್ಲ. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗುಬ್ಬಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಅಂಗಡಿಗೆ ಇಳಿದು ಬಂದು ನನ್ನ ಪಕ್ಕ ನಿಂತಳು. ಒಬ್ಬ ಗಿರಾಕಿ ಚಾಚಿದ ಡಬ್ಬಿಯನ್ನು ಮೂಸಿ ನೋಡಿ, "ಇದನ್ನ ತೊಳ್ಕೊಂಡು ಬನ್ನಿ, ಇಲ್ದಿದ್ರೆ ನಾಳೆ ಮೊಸರು ಹುಳಿ ಅಂತ ನಮ್ಮನ್ನೇ ಬೈತೀರಿ" ಎಂದಳು. ಗಿರಾಕಿಗೆ ಸಿಟ್ಟು ಬಂತು. ನನಗೆ ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ವಕ್ಕರಿಸಿದ ಆ ಕರುಳು ಪಂಡಿತ.

ಹಾಲು ವ್ಯಾಪಾರಿಗಳ ಸಂಘ ವರ್ಷಕ್ಕೊಮ್ಮೆ ಯಾರನ್ನಾದರೂ ಕರೆಸಿ ಭಾಷಣ ಮಾಡಿಸುತ್ತದೆ. ಈ ಸಲ ಕರೆಸಿದ್ದು ಇವನನ್ನು. ಹೊಟ್ಟೆಯ ಆರೋಗ್ಯದ ಕೇಂದ್ರ ನಡೆಸುತ್ತಾನಂತೆ. ವೈದ್ಯನಲ್ಲ, ಆದರೆ ಬಿಳಿ ಕೋಟು ಹಾಕಿಕೊಂಡಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಹಾಲಿನವರಿಗೇ ಮರೆತುಹೋದರೆ ಇನ್ನು ಯಾರಿಗೆ ಹೇಳುವುದು. ಸಭಾಂಗಣದ ತುಂಬ ವ್ಯಾಪಾರಿಗಳು ಬಾಯಿ ಬಿಟ್ಟುಕೊಂಡು ಕೂತಿದ್ದರು.

"ನಿಮ್ಮ ಹೊಟ್ಟೆಯಲ್ಲಿ ಕೋಟಿ ಕೋಟಿ ಜೀವಾಣುಗಳಿವೆ" ಎಂದ ಪಂಡಿತ. "ಸಂತೋಷ ಕೊಡುವ ರಸಾಯನದಲ್ಲಿ ನೂರಕ್ಕೆ ತೊಂಬತ್ತು ಭಾಗ ತಯಾರಾಗುವುದು ತಲೆಯಲ್ಲಲ್ಲ, ಕರುಳಿನಲ್ಲಿ. ಬೇಸರ ತಲೆಯ ಕಾಯಿಲೆ ಅಂತ ನಿಮಗೆ ಸುಳ್ಳು ಹೇಳಿದ್ದಾರೆ. ಹೊಟ್ಟೆ ಕೆಟ್ಟರೆ ಮನಸ್ಸು ಕೆಡುತ್ತದೆ, ಹೊಟ್ಟೆ ರಿಪೇರಿಯಾದರೆ ಮನಸ್ಸು ರಿಪೇರಿ." ಆಮೇಲೆ ಇಲಿಗಳ ಚಿತ್ರ ತೋರಿಸಿದ. ಖಿನ್ನತೆ ಇರುವ ಮನುಷ್ಯರ ಹೊಟ್ಟೆಯ ಜೀವಾಣುಗಳನ್ನು ಇಲಿಗಳಿಗೆ ಹಾಕಿದರೆ ಇಲಿಗಳೂ ಮಂಕಾದವಂತೆ. ಕೊನೆಗೆ ದನಿ ತಗ್ಗಿಸಿ, ಆರೋಗ್ಯವಂತರ ಮಲದಿಂದ ಜೀವಾಣು ತೆಗೆದು ರೋಗಿಯ ಕರುಳಿಗೆ ಹಾಕುವ ಚಿಕಿತ್ಸೆಯೇ ಇದೆ ಎಂದ. ಸಭೆಯಲ್ಲಿ ಇಸ್ಸಿ ಎಂದವರು ಕೆಲವರು, ನಕ್ಕವರು ಹಲವರು.

ಇವನು ಹೇಳಿದ್ದರಲ್ಲಿ ಒಂದಷ್ಟು ನಿಜವೇ ಇತ್ತು ಎಂದು ಆಮೇಲೆ ನನಗೆ ಗೊತ್ತಾಯಿತು. ಇಂಥವರ ಜೊತೆ ತಲೆನೋವು ಅದೇ. ಪೂರ್ತಿ ಸುಳ್ಳಾದರೆ ಒದ್ದು ಓಡಿಸಬಹುದು. ಇವರು ಒಂದು ಲೋಟ ಹಾಲಿಗೆ ಒಂದು ಕೊಡ ನೀರು ಬೆರೆಸಿ ಹಾಲಿನ ರೇಟಿಗೆ ಮಾರುವವರು.

ಅತ್ತೆ ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು, "ನೋಡ್ದ್ಯಾ?" ಎಂದರು. "ನಾನು ಬಡ್ಕೊಂಡೆ. ಹುಡುಗಿ ಹೆಪ್ಪು ಕೆಟ್ಟಿದೆ." ಆ ಮನುಷ್ಯ ಒಂದು ಗಂಟೆ ಮಾತಾಡಿದ್ದರಲ್ಲಿ ಹೆಪ್ಪು ಎಂಬ ಪದ ಒಮ್ಮೆಯೂ ಬಂದಿರಲಿಲ್ಲ. ಆದರೂ ಅತ್ತೆ ಕೇಳಿಸಿಕೊಂಡದ್ದು ಅದೊಂದನ್ನೇ.

ಆ ಭಾನುವಾರ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ಮೇಲೆ ಮೇಲಿನ ನಡುಮನೆಯಲ್ಲಿ ಕುಟುಂಬದ ಸಭೆ ಸೇರಿತು. ವಿಷಯ, ಗುಬ್ಬಿಗೆ ಯಾರ ಹೆಪ್ಪು ಹಾಕುವುದು. ನಾನು ಸುಳ್ಳು ಹೇಳುತ್ತಿಲ್ಲ. ವಯಸ್ಸಾದ, ಮರ್ಯಾದಸ್ಥ ಜನ ವೃತ್ತಾಕಾರವಾಗಿ ಕೂತು ತಮ್ಮತಮ್ಮ ಹೊಟ್ಟೆಯ ಹಿರಿಮೆ ಹೇಳಿಕೊಂಡರು. ಗುಬ್ಬಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು, ಯಾರದೋ ವಿಷಯ ಎಂಬಂತೆ ಕೇಳುತ್ತಿದ್ದಳು.

ಮಾವನ ತಮ್ಮ, ನಮ್ಮ ಚಿಕ್ಕಮಾವ, ಗಂಟಲು ಸರಿಮಾಡಿಕೊಂಡರು. "ನನ್ನದು ಇವತ್ತಿನವರೆಗೂ ಗಡಿಯಾರ. ಬೆಳಿಗ್ಗೆ ಎದ್ದ ತಕ್ಷಣ. ಕೇಳಿ ಬೇಕಾದ್ರೆ."

"ಹೊಟ್ಟೆ ಗಡಿಯಾರ ಇರ್ಬಹುದು, ಮುಖ ಹರಳೆಣ್ಣೆ ಕುಡಿದೋರದ್ದು" ಎಂದರು ಅತ್ತೆ. "ನಿಮ್ಮದು ಹಾಕಿದ್ರೆ ಹುಡುಗಿ ಇನ್ನೂ ಸೊರಗ್ತಾಳೆ."

ನನ್ನ ಗಂಡ ಬೇಕಾದರೆ ತನ್ನದೂ ಇದೆ, ಬೇಡವಾದರೆ ಬೇಡ ಎಂದರು.

"ನಿಮ್ಮದು ಹಾಕಿದ್ರೆ ಅವಳು ಜೀವಮಾನದಲ್ಲಿ ಯಾವುದಕ್ಕೂ ಹೌದು ಅಂತಲೂ ಅನ್ನಲ್ಲ, ಅಲ್ಲ ಅಂತಲೂ ಅನ್ನಲ್ಲ" ಎಂದೆ ನಾನು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮ ಯಜಮಾನರನ್ನು ಮೀರಿಸಿದವರಿಲ್ಲ.

ಅತ್ತೆ ತಮ್ಮದೇ ಅತ್ಯುತ್ತಮ ಎಂದು ಒಳಗೊಳಗೇ ನಂಬಿದ್ದರು, ಆದರೆ ತಮಗೆ ಸಕ್ಕರೆ ಕಾಯಿಲೆ ಎಂದು ದೊಡ್ಡ ಮನಸ್ಸು ಮಾಡಿ ಹಿಂದೆ ಸರಿದರು. ಕೊನೆಗೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ ನಗುಮಾವನ ಕಡೆಗೆ.

ನಗುಮಾವ ಅಂದರೆ ಅತ್ತೆಯ ತಮ್ಮ, ಗುಬ್ಬಿಗೆ ಸೋದರಮಾವ. ಹಿಂದೆ ಫ್ಯಾಕ್ಟರಿಯಲ್ಲಿದ್ದರಂತೆ, ಅದನ್ನು ಬಿಟ್ಟು ಕೆಲವು ತಿಂಗಳು ಊರೂರು ಸುತ್ತಿ ಬಂದರಂತೆ, ಈಗ ಹಾಲಿನ ವ್ಯಾನು ಓಡಿಸುತ್ತಾರೆ. ಮದುವೆಯಾಗಿಲ್ಲ, ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ವಾಸ. ಟೈರು ಪಂಕ್ಚರಾದರೂ ನಗು, ಕ್ಯಾನು ಉರುಳಿ ಹಾಲೆಲ್ಲ ರಸ್ತೆ ಪಾಲಾದರೂ ನಗು, ಪೊಲೀಸು ದಂಡ ಹಾಕಿದರೂ ಅವನನ್ನೂ ನಗಿಸಿ ಬರುವ ಆಸಾಮಿ. ಬೀದಿಯ ಮಕ್ಕಳು ವ್ಯಾನಿನ ಸದ್ದು ಕೇಳಿದರೆ ಓಡಿ ಬರುತ್ತವೆ.

"ಲೋ, ನಿನ್ನದೇ ಸರಿ" ಎಂದರು ಅತ್ತೆ. "ಈ ಮನೇಲಿ ಯಾವತ್ತೂ ಕೆಡದ ಹೆಪ್ಪು ಅಂದ್ರೆ ನಿನ್ನದು."

ನಗುಮಾವ ನಕ್ಕರು. "ನನ್ನದ್ಯಾಕಕ್ಕ, ನಾನು ಕಂಡಲ್ಲಿ ತಿನ್ನೋನು, ವ್ಯಾನಲ್ಲಿ ಬಿದ್ದಿರೋನು."

"ಅದಕ್ಕೇ ಗಟ್ಟಿ" ಎಂದು ಅತ್ತೆ ತೀರ್ಪು ಕೊಟ್ಟರು. ಇಷ್ಟಕ್ಕೇ ನಿಂತಿದ್ದರೆ ನಾನು ವರ್ಷಗಟ್ಟಲೆ ನೆನೆಸಿಕೊಂಡು ನಗಬಹುದಿತ್ತು. ಆದರೆ ಅವರು ಮಗಳ ಕಡೆ ತಿರುಗಿ, "ಆ ಮಾತ್ರೆ ನಿಲ್ಸು" ಎಂದರು.

ಇದಕ್ಕೂ ಹಾಲಿನದೇ ಲೆಕ್ಕ. ಹಿಂದೊಮ್ಮೆ ಒಬ್ಬ ಹಾಲು ಹಾಕುವವನು ಹಸುವಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಹಾಕಿಸಿದ್ದನ್ನು ಮುಚ್ಚಿಟ್ಟು ಅದರ ಹಾಲನ್ನೂ ನಮಗೆ ಹಾಕಿದ್ದ. ಒಂದು ಹಂಡೆ ಹಾಲು ಹೆಪ್ಪುಗಟ್ಟದೆ ಹಾಗೇ ಕೂತಿತು. ಮದ್ದು ಹೆಪ್ಪಿನ ಜೀವಾಣುವನ್ನು ಕೊಂದಿತ್ತು. ಪೂರ್ತಿ ಚರಂಡಿಗೆ ಸುರಿಯಬೇಕಾಯಿತು. ಅತ್ತೆ ಆ ದಿನ ಅತ್ತ ಹಾಗೆ ಮಾವ ತೀರಿಕೊಂಡಾಗಲೂ ಅತ್ತಿರಲಿಲ್ಲವಂತೆ. ಅಂದಿನಿಂದ ಮದ್ದಿನ ಹಾಲು ಎಂದರೆ ಈ ಮನೆಯಲ್ಲಿ ಮಹಾಪಾಪ.

"ಹೊಟ್ಟೇಲಿ ಮಾತ್ರೆ ಇಟ್ಕೊಂಡು ಮೇಲೆ ಒಳ್ಳೇ ಹೆಪ್ಪು ಹಾಕಿದ್ರೆ ಉಳಿಯುತ್ತಾ? ಮೊದಲು ಮದ್ದು ಹೊರಗೆ ಹೋಗ್ಬೇಕು, ಪಾತ್ರೆ ಶುದ್ಧ ಆಗ್ಬೇಕು" ಎಂದರು.

"ಅವಳು ಪಾತ್ರೆ ಅಲ್ಲ ಅತ್ತೆ" ಎಂದೆ. "ಹಸುವಿಗೆ ಕೊಟ್ಟ ಮದ್ದೇ ಬೇರೆ, ಇದೇ ಬೇರೆ. ಈ ಮಾತ್ರೆಯಿಂದ್ಲೇ ಅವಳು ಎದ್ದು ಓಡಾಡ್ತಿರೋದು."

"ಚಪ್ಪಲಿ ವಿಷಯ ಬಂದಾಗ ನಿನ್ನನ್ನೇ ಕೇಳ್ತೀನಮ್ಮ" ಎಂದರು ಅತ್ತೆ.

ನನ್ನ ಗಂಡ ಚಾವಣಿ ನೋಡುತ್ತಿದ್ದರು. ಆಶ್ಚರ್ಯವೆಂದರೆ ನನ್ನ ಪರವಾಗಿ ಬಾಯಿ ಬಿಟ್ಟವರು ನಗುಮಾವ. "ಅಕ್ಕ, ಮಾತ್ರೆ ಮಾತ್ರ ನಿಲ್ಲಿಸ್ಬೇಡ. ಏಕಾಏಕಿ ನಿಲ್ಲಿಸ್ಬಾರ್ದು ಅಂತಾರೆ."

"ಯಾರಂತಾರೆ?"

"ಯಾರೋ, ರೇಡಿಯೋದಲ್ಲಿ ಕೇಳಿದ್ದು" ಎಂದು ಮತ್ತೆ ನಕ್ಕುಬಿಟ್ಟರು. ಅಂಥ ನಗುವಿಗೆ ಯಾರು ಬೆಲೆ ಕೊಡುತ್ತಾರೆ.

ಗುಬ್ಬಿಯೇ ಎದ್ದು ಹೋಗಿ ಉಳಿದ ಮಾತ್ರೆಗಳನ್ನೆಲ್ಲ ತಂದು ಅಮ್ಮನ ಕೈಗೆ ಕೊಟ್ಟಳು, ಅತ್ತೆ ಎಸೆದರು. ನಾನು ಮಾರನೆಯ ದಿನ ಹೊಸದು ತಂದು ಅವಳ ಕೋಣೆಗೆ ಹೋದೆ. ತೆಗೆದುಕೊಳ್ಳಲಿಲ್ಲ. "ಅಮ್ಮ ಕೇಳಿದ್ರೆ ಸುಳ್ಳು ಹೇಳೋ ಶಕ್ತಿ ನನಗಿಲ್ಲ ಅತ್ತಿಗೆ. ಅವರು ನನಗೋಸ್ಕರ ಎಷ್ಟೆಲ್ಲ ಮಾಡ್ತಿದಾರೆ" ಎಂದಳು. ಮಾಡುತ್ತಿದ್ದುದು ನಿಜ. ಬಿಸಿನೀರು, ಗಂಜಿ, ಮತ್ತೆ ಬಿಸಿನೀರು. ಹಂಡೆ ಬೆಳಗಿದ ಹಾಗೆ ಮಗಳನ್ನು ಬೆಳಗುತ್ತಿದ್ದರು.

ಮೊದಲ ವಾರ ಅವಳಿಗೆ ತಲೆ ಸುತ್ತು. ತಲೆಯೊಳಗೆ ಶಾಕ್ ಹೊಡೆದ ಹಾಗಾಗುತ್ತದೆ ಎನ್ನುತ್ತಿದ್ದಳು. ಮದ್ದು ಹೊರಗೆ ಹೋಗುತ್ತಿರುವ ಲಕ್ಷಣ ಎಂದು ಅತ್ತೆ ಹಿಗ್ಗಿದರು. ಆಮೇಲೆ ಅಂಗಡಿಗೆ ಇಳಿಯುವುದು ನಿಂತಿತು. ಕೂದಲು ಮತ್ತೆ ಗಂಟುಗಟ್ಟಿತು. ಮುಖ ಮತ್ತೆ ಗೋಡೆಯ ಕಡೆ ತಿರುಗಿತು. ಪಾತ್ರೆ ಶುದ್ಧವಾಗುವಾಗ ಹಾಗೆಯೇ ಎಂದರು ಅತ್ತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇರುತ್ತಾರೆ, ಕೇಳಿದ್ದೆ. ಇವರು ಕಟ್ಟಿ, ಕರುವಿಗೆ ಹೆಸರೂ ಇಟ್ಟು ಕೂತಿದ್ದರು.

ಒಂದು ಮಧ್ಯಾಹ್ನ ನಾನು ಅವಳ ಕೂದಲಿನ ಗಂಟು ಬಿಡಿಸುತ್ತಿದ್ದೆ. ಕೆಳಗೆ ಹಾಲು ಕಾಯುವ ವಾಸನೆ ಮೇಲಕ್ಕೆ ಬರುತ್ತಿತ್ತು. ಗುಬ್ಬಿ ಗೋಡೆಯನ್ನೇ ನೋಡುತ್ತ, "ಅತ್ತಿಗೆ, ಕೆಟ್ಟಿರೋ ಹಂಡೇನ ಇಟ್ಕೊಂಡು ಇಷ್ಟೊಂದು ಯಾಕೆ ಒದ್ದಾಡ್ತೀರಿ. ಚರಂಡಿಗೆ ಸುರಿದ್ರೆ ಆಯ್ತಲ್ಲ" ಎಂದಳು. ಸಿಟ್ಟಿನಿಂದಲ್ಲ, ಅಳುತ್ತಲೂ ಅಲ್ಲ. ನಾಳೆ ಅಂಗಡಿ ರಜ ಎಂದು ಹೇಳುವವರ ದನಿಯಲ್ಲಿ.

ಬಾಚಣಿಗೆ ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ. ಆಮೇಲೆ ಅವಳ ಕೋಣೆಯ ಚಿಲಕವನ್ನು ಸ್ಕ್ರೂ ತೆಗೆದು ಕಳಚಿದೆ, ರಾತ್ರಿ ಅವಳ ಪಕ್ಕ ಹಾಸಿಗೆ ಹಾಕಿಕೊಂಡೆ. ಗಂಡನಿಗೆ ಹೇಳಿದೆ. ಅವರು ಬಿಳಿಚಿಕೊಂಡು, "ಅಮ್ಮನಿಗೆ ಹೇಳಿ ನೋಡ್ತೀನಿ" ಎಂದರು. ಹೇಳಲು ಹೋಗಿ, ಬೆಣ್ಣೆಯ ಆರ್ಡರಿನ ವಿಷಯ ಮಾತಾಡಿ ವಾಪಸು ಬಂದರು. ನಾನೇ ಹೇಳಿದೆ. ಹೆದರಿಕೆ ಅತ್ತೆಯ ಮುಖದಲ್ಲಿ ಕಂಡಿತು, ಇಲ್ಲ ಅನ್ನುವುದಿಲ್ಲ. ಆದರೆ ಹೆದರಿದ ಮನುಷ್ಯರು ತಮಗೆ ಗೊತ್ತಿರುವ ಕೆಲಸವನ್ನೇ ಇನ್ನೂ ಜೋರಾಗಿ ಮಾಡುತ್ತಾರೆ. "ಹಾಗಾದ್ರೆ ತಡ ಮಾಡ್ಬಾರ್ದು" ಎಂದು ಹೊಸ ಸ್ಟೀಲ್ ಡಬ್ಬಿಯೊಂದನ್ನು ಕುದಿಯುವ ನೀರಿಗೆ ಹಾಕಿದರು. ಕರುಳು ಪಂಡಿತನಿಗೆ ಫೋನು ಮಾಡಿದ್ದರಂತೆ. ಅವನ ಕೇಂದ್ರದಲ್ಲಿ ಮುಂದಿನ ತಿಂಗಳವರೆಗೆ ಜಾಗವಿಲ್ಲವಂತೆ. "ಹೆಪ್ಪು ಹಾಕೋದನ್ನ ನಮಗೆ ಅವನು ಹೇಳ್ಕೊಡ್ಬೇಕಾ? ಮನೇಲೇ ಮಾಡೋಣ."

ಈ ಜನರ ಹತ್ತಿರ ನ್ಯಾಯ ಮಾತಾಡಿ ಫಲವಿಲ್ಲ ಎಂದು ನನಗೆ ಆಗ ಅರಿವಾಯಿತು. ಅವರಿಗೆ ಭಯವಾಗುವ ಕಡೆಯಿಂದಲೇ ಹೋಗಬೇಕು.

"ಮಾಡಿ ಅತ್ತೆ" ಎಂದೆ. "ಆದ್ರೆ ಹಾಲು ಕಾಯಿಸೋ ಮನೇಲಿ ಇಂಥದ್ದನ್ನ ಮಾಡಿದ್ರು ಅಂತ ಆಹಾರ ಇನ್‌ಸ್ಪೆಕ್ಟರ್ ಕಿವಿಗೆ ಬಿದ್ರೆ ಅಂಗಡಿಗೆ ಬೀಗ. ದೊಡ್ಡಾಸ್ಪತ್ರೇಲಿ ಇದಕ್ಕೇ ಅಂತ ಹೊಟ್ಟೆ ಡಾಕ್ಟರೊಬ್ಬರಿದ್ದಾರೆ. ಹೊಟ್ಟೆಗೂ ಮನಸ್ಸಿಗೂ ಏನು ನಂಟು ಅಂತ ಸಂಶೋಧನೆ ಮಾಡ್ತಾರಂತೆ, ಬೋರ್ಡ್ ನೋಡಿದೀನಿ. ಅಲ್ಲೇ ಮಾಡಿಸಿದ್ರೆ ಯಾರೂ ಬೆರಳು ತೋರಿಸಲ್ಲ."

ಮಗಳು ಸಾಯುವ ಮಾತಾಡಿದಾಗ ಜಗ್ಗದ ಅತ್ತೆ, ಬೀಗದ ಮಾತಿಗೆ ಜಗ್ಗಿದರು. ಎರಡೇ ದಿನದಲ್ಲಿ ನಾವೆಲ್ಲ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಟೆವು. ಮನೋವೈದ್ಯರು ಕೂರುವುದೂ ಅದೇ ಕಟ್ಟಡದಲ್ಲಿ. ಹೇಗಾದರೂ ಮಾಡಿ ಗುಬ್ಬಿಯನ್ನು ಆ ಕಟ್ಟಡದ ಒಳಕ್ಕೆ ಸೇರಿಸಿದರೆ ಸಾಕು, ಅಲ್ಲಿ ಯಾರಾದರೂ ಇವರಿಗೆ ಕಡ್ಡಿ ಮುರಿದ ಹಾಗೆ ಹೇಳುತ್ತಾರೆ ಎಂಬುದು ನನ್ನ ಲೆಕ್ಕ. ನಗುಮಾವ ದಾರಿಯುದ್ದಕ್ಕೂ ಒಂದೂ ಜೋಕು ಹೇಳಲಿಲ್ಲ. ಅತ್ತೆಯ ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದಲ್ಲಿ ಆ ಸ್ಟೀಲ್ ಡಬ್ಬಿ.

ಹೊಟ್ಟೆ ಡಾಕ್ಟರು ಗುಂಗುರು ಕೂದಲಿನ, ಕನ್ನಡಕ ಹಾಕಿದ ಹೆಂಗಸು. ನಾವು ಐದು ಜನ ಒಟ್ಟಿಗೆ ನುಗ್ಗಿದ್ದನ್ನು ನೋಡಿ ಇನ್ನೆರಡು ಕುರ್ಚಿ ತರಿಸಿದರು. ಅತ್ತೆ ಎಲ್ಲವನ್ನೂ ಹೇಳಿದರು. ತೊಂಬತ್ತು ಭಾಗ, ಇಲಿ, ಹೆಪ್ಪು, ಯಾವುದನ್ನೂ ಬಿಡಲಿಲ್ಲ.

"ತೊಂಬತ್ತು ಭಾಗ ಹೊಟ್ಟೇಲಿ ತಯಾರಾಗೋದು ನಿಜ" ಎಂದರು ಡಾಕ್ಟರು. "ಆದ್ರೆ ಅದು ಮಿದುಳಿಗೆ ದಾಟಿ ಹೋಗಲ್ಲಮ್ಮ. ಮಿದುಳು ತನಗೆ ಬೇಕಾದ್ದನ್ನ ತಾನೇ ಮಾಡ್ಕೊಳ್ಳುತ್ತೆ. ಹೊಟ್ಟೆಯ ಜೀವಾಣುಗಳಿಗೂ ಮನಸ್ಸಿಗೂ ನಂಟಿದೆ, ನಾವು ಅದನ್ನೇ ಹುಡುಕ್ತಿದೀವಿ. ಯಾವುದರಿಂದ ಯಾವುದು ಅನ್ನೋದು ಇನ್ನೂ ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ದೆ ಹೊರಗೆ ಬೋರ್ಡ್ ಯಾಕೆ ಹಾಕಿದೀರಿ?" ಎಂದರು ಅತ್ತೆ.

"ಗೊತ್ತಿಲ್ಲ ಅಂತಾನೇ ಹಾಕಿರೋದು" ಎಂದರು ಡಾಕ್ಟರು. ನನಗೆ ಅವರ ಮೇಲೆ ಆ ಕ್ಷಣವೇ ಪ್ರೀತಿ ಹುಟ್ಟಿತು. ಅಷ್ಟು ಓದಿದವರು ಗೊತ್ತಿಲ್ಲ ಎನ್ನುವುದನ್ನು ನಾನು ಅದೇ ಮೊದಲು ಕೇಳಿದ್ದು. ಆ ಪಂಡಿತನ ಬಾಯಲ್ಲಿ ಆ ಮಾತು ಸತ್ತರೂ ಬರಲಾರದು.

"ಹೋಗ್ಲಿ, ಕೊಡೋರು ಯಾರು?" ಎಂದು ಡಾಕ್ಟರು ಪೆನ್ನು ಕೈಗೆತ್ತಿಕೊಂಡರು.

ನಗುಮಾವ ಶಾಲೆಯ ಹುಡುಗನಂತೆ ಕೈ ಎತ್ತಿದರು.

"ಕೊಡೋರಿಗೆ ಕೆಲವು ಪ್ರಶ್ನೆ ಕೇಳ್ಬೇಕಾಗುತ್ತೆ. ಖಾಸಗಿ ವಿಷಯ. ಉಳಿದವರು ಸ್ವಲ್ಪ ಹೊರಗಿದ್ರೆ..."

"ನಮ್ಮಲ್ಲಿ ಮುಚ್ಚುಮರೆ ಇಲ್ಲ. ಇಲ್ಲೇ ಕೇಳಿ" ಎಂದರು ಅತ್ತೆ.

ಡಾಕ್ಟರು ನಗುಮಾವನ ಮುಖ ನೋಡಿದರು. ಅವರು ಭುಜ ಕುಣಿಸಿ, "ಕೇಳಿ ಡಾಕ್ಟ್ರೇ, ನನ್ನ ಹೊಟ್ಟೆ ಈಗ ಊರ ಆಸ್ತಿ" ಎಂದರು. ನನ್ನ ಗಂಡ ನಕ್ಕರು. ಡಾಕ್ಟರು ಒಂದೊಂದಾಗಿ ಕೇಳುತ್ತ ಹೋದರು. ಕಾಮಾಲೆ ಆಗಿತ್ತೇ, ಇತ್ತೀಚೆಗೆ ಭೇದಿಯಾಗಿತ್ತೇ, ಕುಡಿತ ಇದೆಯೇ. ಎಲ್ಲಕ್ಕೂ ನಗುಮಾವನದು ಒಂದೊಂದು ತಮಾಷೆ. ಆಮೇಲೆ ಡಾಕ್ಟರು ಅದೇ ದನಿಯಲ್ಲಿ, "ಮನಸ್ಸಿನ ಕಾಯಿಲೆಗೆ ಯಾವತ್ತಾದ್ರೂ ಮಾತ್ರೆ ತಗೊಂಡಿದೀರಾ?" ಎಂದು ಕೇಳಿದರು.

"ಇವನಾ?" ಎಂದು ಅತ್ತೆ ನಕ್ಕರು. "ಇವನನ್ನ ನೋಡಿದ್ರೆ ಹಾಗನ್ಸುತ್ತಾ?"

ನಗುಮಾವನೂ ನಗಲು ಶುರುಮಾಡಿದರು. ಆದರೆ ಅರ್ಧಕ್ಕೇ ನಿಲ್ಲಿಸಿ ಗುಬ್ಬಿಯ ಕಡೆ ನೋಡಿದರು. ಅವಳು ಕುರ್ಚಿಯ ಹರಿದ ರೆಕ್ಸಿನ್ ಒಳಗಿಂದ ಸ್ಪಂಜು ಚಿವುಟುತ್ತ ತಲೆ ತಗ್ಗಿಸಿ ಕೂತಿದ್ದಳು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಅವಳ ಮಾತ್ರೆ ನಿಂತೇ ಇರುತ್ತಿತ್ತು.

"ತಗೋತೀನಿ" ಎಂದರು. "ಇವತ್ತೂ ತಗೊಂಡೇ ಬಂದೆ."

ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. "ಏನನ್ನ?"

"ಮಾತ್ರೆ ಅಕ್ಕ. ಹನ್ನೊಂದು ವರ್ಷದಿಂದ. ನೀನು ಗುಬ್ಬಿ ಕೈಯಿಂದ ತಗೊಂಡು ಎಸೆದ್ಯಲ್ಲ, ಅದೇ. ಫ್ಯಾಕ್ಟರಿ ಕೆಲಸ ಬಿಟ್ಟು ಊರೂರು ಸುತ್ತೋಕೆ ಹೋಗಿದ್ದೆ ಅಂದ್ಕೊಂಡಿದೀರಲ್ಲ, ಎಲ್ಲಿಗೂ ಹೋಗಿರ್ಲಿಲ್ಲ. ಇದೇ ಆಸ್ಪತ್ರೆ ಹಿಂದಿನ ವಾರ್ಡಲ್ಲಿ ಮಲಗಿದ್ದೆ. ಡಾಕ್ಟ್ರು ಮನೆಯವರನ್ನ ಕರ್ಸಿ ಅಂದ್ರು. ನಾನೇ ಬೇಡ ಅಂದೆ."

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಹನ್ನೊಂದು ವರ್ಷ ಒಂದೇ ಸೂರಿನ ಕೆಳಗಿದ್ದ ಒಡಹುಟ್ಟಿದವನ ಕಷ್ಟ ತಿಳಿಯದೇ ಹೋಯಿತಲ್ಲ ಎಂದು ಒಂದು ಹನಿ ಕಣ್ಣೀರಾದರೂ ಬಂದೀತು, ಮಾತ್ರೆ ನುಂಗಿಯೂ ಮನುಷ್ಯ ಇಷ್ಟು ಚೆನ್ನಾಗಿ ಬದುಕಬಹುದಲ್ಲ ಎಂದು ಮಗಳ ಕಡೆಯಾದರೂ ನೋಡಿಯಾರು ಎಂದು ಕಾದೆ.

ಅತ್ತೆ ಚೀಲವನ್ನು ಎದೆಗೆ ಎಳೆದುಕೊಂಡು, "ಅಯ್ಯೋ, ಹಾಗಾದ್ರೆ ಇವನದ್ದು ಬೇಡ ಡಾಕ್ಟ್ರೇ" ಎಂದರು. "ಮದ್ದಿನ ಹಾಲಾಯ್ತಲ್ಲ. ನಮ್ಮ ಮೈದುನ ಒಬ್ಬರಿದಾರೆ, ಗಡಿಯಾರದ ಥರ. ನಾಳೆ ಅವರನ್ನ ಕರ್ಕೊಂಡು ಬರ್ತೀವಿ."

ಹೇಸಿಗೆ ಎಂಬ ಪದವನ್ನು ಜನ ಯಾವ ಯಾವುದಕ್ಕೋ ಬಳಸುತ್ತಾರೆ. ಆ ಡಬ್ಬಿಯಲ್ಲಿ ಬೀಳಬೇಕಾಗಿದ್ದ ವಸ್ತುವಿನ ಬಗ್ಗೆ ನನಗೆ ಒಂದಿಷ್ಟೂ ಹೇಸಿಗೆ ಇರಲಿಲ್ಲ. ಈ ಮಾತಿಗೆ ಬಂತು. ನಾನು ಡಾಕ್ಟರ ಕಡೆ ತಿರುಗಿ, "ಮಾತ್ರೆ ನಿಲ್ಲಿಸಿದ ಮೇಲೆ ಇವಳು ಸಾಯೋ ಮಾತಾಡ್ತಿದಾಳೆ" ಎಂದುಬಿಟ್ಟೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಕುರ್ಚಿ ಎಳೆದುಕೊಂಡು ಗುಬ್ಬಿಯ ಎದುರಿಗೆ ಬಂದು ಕೂತು, ಸಾಯಬೇಕು ಎಂಬ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿದರು. ಗುಬ್ಬಿ ಹೌದು ಎಂದು ತಲೆಯಾಡಿಸಿದಳು. ಅತ್ತೆಯ ಎದುರಿಗೇ. ಡಾಕ್ಟರು ಎದ್ದು ಫೋನು ಎತ್ತಿ ಕೆಳಗಿನ ಮಹಡಿಗೆ ಮಾತಾಡಿದರು. "ಇವರಿಗೆ ಬೇಕಾಗಿರೋದು ನಾನಲ್ಲ. ಮನೋವೈದ್ಯರು ಈಗ್ಲೇ ನೋಡ್ತಾರೆ, ಕಾಯಿಸಲ್ಲ. ಹೊಟ್ಟೆ ವಿಷಯ ಮರೆತುಬಿಡಿ."

"ಮತ್ತೆ ಅದೇ ಮಾತ್ರೇನಾ?" ಎಂದು ಅತ್ತೆ ಎದ್ದು ನಿಂತರು. "ಬೇಡ. ಮನೆಗೆ ಹೋಗೋಣ, ಯೋಚನೆ ಮಾಡಿ..."

"ಅಕ್ಕ, ಕೂತ್ಕೋ" ಎಂದರು ನಗುಮಾವ. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. "ಇವಳ ಮಾತ್ರೆ ಇವತ್ತು ಶುರುವಾಗ್ಬೇಕು. ಇಲ್ದಿದ್ರೆ ನಾಳೆಯಿಂದ ನಾನು ವ್ಯಾನ್ ತೆಗೆಯಲ್ಲ."

ಆಹಾ, ನನ್ನ ಗಂಡನಿಗೆ ಆಗ ಬಾಯಿ ಬಂತು. ತಂಗಿಯ ಜೀವದ ವಿಷಯದಲ್ಲಿ ತಿಂಗಳಿಂದ ಚಾವಣಿ ನೋಡುತ್ತಿದ್ದ ಮಹಾಶಯರು ವ್ಯಾನಿನ ಹೆಸರು ಕೇಳಿ ಎದ್ದು ನಿಂತು, "ಅಮ್ಮ, ಮಾತ್ರೆ ತಗೊಳ್ಳಿ ಬಿಡಮ್ಮ. ಡಾಕ್ಟ್ರೇ ಹೇಳ್ತಿದಾರಲ್ಲ" ಎಂದರು. ಅಮ್ಮ ಮಗನನ್ನು ನೋಡಿದರು, ತಮ್ಮನನ್ನು ನೋಡಿದರು, ಕೂತರು. ಮಗಳನ್ನು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಅವರಿಬ್ಬರನ್ನೂ ಅಲ್ಲೇ ಬಿಟ್ಟು ನಾವು ಮೂವರು ಕೆಳಗಿಳಿದೆವು. ಮನೋವೈದ್ಯರ ಕೋಣೆಯ ಹೊರಗೆ ಉದ್ದನೆಯ ಬೆಂಚು. ಒಳಗಿದ್ದ ರೋಗಿ ಹೊರಬಂದ ತಕ್ಷಣ ನಮ್ಮನ್ನು ಕರೆಯುತ್ತೇವೆಂದು ನರ್ಸ್ ಹೇಳಿದಳು. ಗುಬ್ಬಿ ನಡುವೆ ಕೂತಳು. ಅಷ್ಟು ಹೊತ್ತಿನಿಂದ ಅವಳು ಮಾವನ ಮುಖವನ್ನೇ ನೋಡುತ್ತಿದ್ದಳು.

"ಮಾವ" ಎಂದಳು. ವಾರಗಳ ಮೇಲೆ ಅವಳಾಗಿಯೇ ಆಡಿದ ಮಾತು. "ನೀನು ಇಷ್ಟು ನಗೋದು ಆ ಮಾತ್ರೆಯಿಂದಾನಾ?"

"ಅಲ್ಲ ಮಗಳೇ" ಎಂದರು ಅವರು. "ಮಾತ್ರೆಯಿಂದ ಬೆಳಿಗ್ಗೆ ಏಳೋಕಾಗುತ್ತೆ, ಮುಖ ತೊಳೆಯೋಕಾಗುತ್ತೆ, ವ್ಯಾನ್ ಓಡಿಸೋಕಾಗುತ್ತೆ. ಅಷ್ಟೇ. ನಗೋದು ನಿಮ್ಮಮ್ಮನಿಗೆ ಗೊತ್ತಾಗ್ದಿರ್ಲಿ ಅಂತ."

"ನನಗೆ ಹಾಗೆ ನಗೋಕೆ ಬರಲ್ಲ ಮಾವ."

"ಬೇಡ" ಎಂದರು ನಗುಮಾವ. "ಈಗ ಎಲ್ಲರಿಗೂ ಗೊತ್ತಾಯ್ತಲ್ಲ. ನನಗೂ ಸಾಕಾಗಿದೆ."

ಅವಳು ಅವರ ಭುಜಕ್ಕೆ ತಲೆ ಆನಿಸಿದಳು. ಬಾಗಿಲು ತೆರೆಯುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ನಾನು ಈ ಮನೆಗೆ ಬಂದ ಮೇಲೆ ನಗುಮಾವನ ಮುಖ ನಗುವಿಲ್ಲದೆ ಹೇಗಿರುತ್ತದೆ ಎಂದು ನೋಡಿದ್ದು ಅದೇ ಮೊದಲು.